ಎಂಜಿಬಿಗೆ ಚಕ್ರ ಬದಲಿಸಿದ ಮೇಲೆ ಉಜ್ಜಾಟ, ನಡುಕ, ಬಿಗಿ ಸ್ಟೇರಿಂಗ್: ದೋಷ ಹುಡುಕುವ ಬಗೆ

"ಹೊಸ ಅಲಾಯ್ ಚಕ್ರ ಹಾಕಿಸಿದೆ, ನೋಡೋಕೆ ತುಂಬಾ ಚೆನ್ನಾಗಿದೆ. ಆದರೆ ಹಿಂದಿನ ಎಡಗಡೆ ಟೈರ್ ಉಜ್ಜುತ್ತೆ ಮಾರಾಯ, ಟೈರೇ ಸರಿ ಇಲ್ಲ." ಇಲ್ಲಿ ಇಂಗ್ಲೆಂಡಿನಲ್ಲಿ ಎಂಜಿಬಿ ಅನ್ನುವ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರ ಬಾಯಲ್ಲಿ ಈ ದೂರು ಪದೇ ಪದೇ ಬರುತ್ತದೆ. ಮುಂದಿನ ಹೆಜ್ಜೆಯೂ ಬಹುಪಾಲು ಒಂದೇ. ಆ ಟೈರ್ ಬಿಚ್ಚಿಸಿ ಇನ್ನೊಂದು ಸೈಜ್ ಕೊಳ್ಳುತ್ತಾರೆ. ಅದೂ ಉಜ್ಜುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಈ ಕಾರಿಗೆ ಚಕ್ರ ಆರಿಸುವಾಗ ಮೊದಲು ನೋಡಬೇಕಾದ್ದು ಟೈರಿನ ಒಟ್ಟು ಎತ್ತರ, ಅಂದರೆ ವ್ಯಾಸ. ಆಮೇಲೆ ರಿಮ್ಮಿನ ಆಫ್‌ಸೆಟ್, ಅಂದರೆ ಹಬ್ಬಿಗೆ ಕೂರುವ ಮುಖ ರಿಮ್ಮಿನ ನಟ್ಟನಡುವಿನಿಂದ ಎಷ್ಟು ಹೊರಗೆ ಅಥವಾ ಒಳಗೆ ಇದೆ ಅನ್ನುವುದು. ಅಗಲ ಕೊನೆಗೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಅಗಲ ಕಣ್ಣಿಗೆ ಕಾಣುತ್ತದೆ, ಆಫ್‌ಸೆಟ್ ಕಾಣುವುದಿಲ್ಲ, ಅಷ್ಟೇ ಕಾರಣ. ಇನ್ನೊಂದು ಮಾತು: ಚಕ್ರ ಬದಲಿಸಿದ ಮೇಲೆ ಕಾಣಿಸಿಕೊಂಡ ದೋಷವೆಲ್ಲ ಚಕ್ರದ್ದೇ ಆಗಿರಬೇಕಿಲ್ಲ. ಸವೆದ ಬುಷ್, ಕುಗ್ಗಿದ ಸ್ಪ್ರಿಂಗ್, ತಪ್ಪು ನಟ್ ಇವೆಲ್ಲ ಕಿರಿದಾದ ಹಳೆಯ ಟೈರಿನ ಹಿಂದೆ ಅವಿತುಕೊಂಡಿರುತ್ತವೆ. ಅಗಲ ಟೈರ್ ಬಂದ ದಿನ ಹೊರಗೆ ಬರುತ್ತವೆ.

ಕಾರು ಹುಟ್ಟಿದಾಗ ಏನಿತ್ತು

ಎಂಜಿಬಿ 1962ರಿಂದ 1980ರವರೆಗೆ ಆಬಿಂಗ್ಡನ್ ಕಾರ್ಖಾನೆಯಲ್ಲಿ ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರು ಹೊರಬಂದವು. 1,798 ಸಿಸಿ ಎಂಜಿನ್, ಮುಂದೆ ಕಾಯಿಲ್ ಸ್ಪ್ರಿಂಗ್ ಮತ್ತು ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಗೂಟ), ಹಿಂದೆ ಒಂದೇ ಗಟ್ಟಿ ಆಕ್ಸಲ್, ಅದರ ಕೆಳಗೆ ಲೀಫ್ ಸ್ಪ್ರಿಂಗ್. ನಮ್ಮ ಲಾರಿಗಳ ಕಮಾನು ಪಟ್ಟೆಯ ಚಿಕ್ಕ ರೂಪ ಅದು.

ಚಕ್ರ 14 ಇಂಚಿನದು. ಮೊದಲ ಕಾರುಗಳ ಸ್ಟೀಲ್ ರಿಮ್ 4ಜೆ (ಜೆಯ ಹಿಂದಿನ ಸಂಖ್ಯೆ ರಿಮ್ಮಿನ ಅಗಲ, ಇಂಚಿನಲ್ಲಿ), ಸ್ಪೋಕ್ ವೀಲ್ ನಾಲ್ಕೂವರೆ ಜೆ, ಆಮೇಲೆ ಬಂದ ರೋಸ್ಟೈಲ್ ಅನ್ನುವ ಸ್ಟೀಲ್ ಚಕ್ರ 5ಜೆ. ತೆರೆದ ಕಾರಿಗೆ 155 ಮಿ.ಮೀ. ಅಗಲದ ರೇಡಿಯಲ್ ಟೈರ್, ಮಾಡು ಮುಚ್ಚಿದ ಜಿಟಿಗೆ 165. ಆ ಕಾಲದ ಟೈರ್ ಮೇಲೆ 165 ಆರ್ 14 ಅಂತಷ್ಟೇ ಇರುತ್ತದೆ, ಪ್ರೊಫೈಲ್ ಸಂಖ್ಯೆ, ಅಂದರೆ ಪಕ್ಕೆಯ ಎತ್ತರ ಅಗಲದ ಶೇಕಡಾ ಎಷ್ಟು ಅನ್ನುವುದು, ಇರುವುದಿಲ್ಲ. ಹಾಗಿದ್ದರೆ ಅದು ಸುಮಾರು 80 ಅಂತ ಹಿಡಿಯಿರಿ.

ಈಗ ಲೆಕ್ಕ ಹಾಕೋಣ. 165/80 ಆರ್ 14 ಟೈರಿನ ವ್ಯಾಸ: 14 ಇಂಚು ಅಂದರೆ 355.6 ಮಿ.ಮೀ. ಅದಕ್ಕೆ ಮೇಲೆ ಕೆಳಗೆ ಎರಡು ಪಕ್ಕೆ, ಒಂದೊಂದೂ 165ರ ಶೇಕಡಾ 80, ಅಂದರೆ 132. ಒಟ್ಟು ಸುಮಾರು 620 ಮಿ.ಮೀ. ನಿಮ್ಮ ಅಳತೆಗೋಲು ಇದೇ. 185/70 ಆರ್ 14 ಹಾಕಿದರೆ 615 ಬರುತ್ತದೆ. 195/60 ಆರ್ 15ಕ್ಕೂ 615. 185/65 ಆರ್ 15ಕ್ಕೆ 621 ಅಥವಾ 622. ಇವೆಲ್ಲ ಹತ್ತಿರ ಹತ್ತಿರ. ಆದರೆ 185/60 ಆರ್ 14 ಬರೀ 578. ಹೆಸರು ನೋಡಿದರೆ 185/70ರ ತಮ್ಮನ ಹಾಗೆ ಕಾಣುತ್ತದೆ, ಕಾರಿಗೆ ಹಾಕಿದರೆ ಎಲ್ಲವೂ ಬದಲಾಗುತ್ತದೆ. ಅದರ ಕಥೆ ಮುಂದೆ ಹೇಳುತ್ತೇನೆ.

ಉಜ್ಜುತ್ತಿದೆ ಅಂದರೆ ಎಲ್ಲಿ?

ಸದ್ದು ಕೇಳಿ ಊಹೆ ಮಾಡಬೇಡಿ, ಗುರುತು ಹುಡುಕಿ. ಟೈರ್ ತಾಗಿದ ಕಡೆ ಗುರುತು ಇದ್ದೇ ಇರುತ್ತದೆ. ಕಾರನ್ನು ಜ್ಯಾಕ್ ಮೇಲೆತ್ತಿ, ಆಕ್ಸಲ್ ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರ ಬಿಚ್ಚಿ. ಬರೀ ಜ್ಯಾಕ್ ನಂಬಿ ಕೆಳಗೆ ಕೈ ಹಾಕಬೇಡಿ. ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳ ಅಂಚು ನೋಡಿ. ಅಲ್ಲಿ ಎರಡು ತಗಡು ಸೇರಿಸಿ ವೆಲ್ಡ್ ಮಾಡಿದ ತುಟಿ ಇದೆ. ತಾಗಿದ್ದರೆ ಆ ತುಟಿಯ ಮೇಲಿನ ಧೂಳು, ಪೇಂಟ್ ಹೋಗಿ ಬೆರಳಗಲದ ಒಂದು ಗೆರೆ ಮಿರಮಿರ ಹೊಳೆಯುತ್ತಿರುತ್ತದೆ. ಅದರ ಅಂಚಿನಲ್ಲಿ ಕಪ್ಪು ರಬ್ಬರ್ ಪುಡಿ ಅಂಟಿರುತ್ತದೆ, ಉಗುರಿನಿಂದ ಕೆರೆದರೆ ಉರುಳೆ ಉರುಳೆಯಾಗಿ ಬರುತ್ತದೆ. ಟೈರಿನ ಕಡೆ ನೋಡಿದರೆ ಭುಜದ ಹತ್ತಿರ ಸುತ್ತಲೂ ಒಂದು ನಯವಾದ ಪಟ್ಟೆ. ಅಕ್ಷರಗಳು ಅರ್ಧ ಅಳಿಸಿರಬಹುದು.

ಗುರುತು ಸ್ಪಷ್ಟ ಇಲ್ಲದಿದ್ದರೆ ತುಟಿಯ ಉದ್ದಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ. ಒಂದು ಸುತ್ತು ಹೋಗಿ ಬನ್ನಿ. ಟೇಪ್ ಹರಿದ ಜಾಗವೇ ತಾಗುವ ಜಾಗ. ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ತುಟಿಗೆ ಮೆತ್ತಿ ನೋಡಿದರೆ ಇನ್ನೂ ಒಳ್ಳೆಯದು. ಎಷ್ಟು ಜಾಗ ಉಳಿದಿದೆ ಅನ್ನುವುದೂ ಅದರ ದಪ್ಪದಲ್ಲಿ ಗೊತ್ತಾಗುತ್ತದೆ.

ಪ್ರತಿ ಗುರುತಿಗೂ ಒಂದು ಅರ್ಥ ಇದೆ. ಮಡ್‌ಗಾರ್ಡಿನ ಹೊರ ತುಟಿಯಲ್ಲಿ ಗುರುತಿದ್ದರೆ ಚಕ್ರ ಹೊರಗೆ ಜಾಸ್ತಿ ಬಂದಿದೆ, ಅಥವಾ ಕಾರು ಜಾಸ್ತಿ ತಗ್ಗಿದೆ. ಒಳಗಡೆ ಸ್ಪ್ರಿಂಗ್ ಪಕ್ಕ ಅಥವಾ ಚಾಸಿ ಪಕ್ಕ ಗುರುತಿದ್ದರೆ ಚಕ್ರ ಒಳಗೆ ಜಾಸ್ತಿ ಹೋಗಿದೆ. ಎರಡೂ ಕಡೆ ಇದ್ದರೆ ಮಾತ್ರ ಟೈರ್ ನಿಜವಾಗಿಯೂ ಅಗಲ ಜಾಸ್ತಿ. ಈ ಮೂರನೆಯದು ಜನ ಅಂದುಕೊಂಡಷ್ಟು ಸಾಮಾನ್ಯವಲ್ಲ.

ಹಿಂದಿನ ಎಡಗಡೆಯೇ ಯಾಕೆ?

ಎಂಜಿಬಿಯಲ್ಲಿ ಹಿಂದಿನ ಎಡ ಚಕ್ರಕ್ಕೆ ಬಲ ಚಕ್ರಕ್ಕಿಂತ ಜಾಗ ಕಡಿಮೆ. ಈ ಕಾರು ಬಲ್ಲವರಿಗೆಲ್ಲ ಗೊತ್ತಿರುವ ವಿಷಯ ಇದು. ಆಕ್ಸಲ್ ಮೇಲೆ ಬಾಡಿ ಕೂತಿರುವುದು ಸರಿಯಾಗಿ ನಟ್ಟನಡುವೆ ಅಲ್ಲ. ಒಂದೊಂದು ಕಾರಿನಲ್ಲಿ ಒಂದೊಂದು ಪ್ರಮಾಣ. ಹಾಗಾಗಿ ಗೆಳೆಯನ ಕಾರಿಗೆ 185/70 ಆರಾಮಾಗಿ ಕೂತಿತು ಅಂದ ಮಾತ್ರಕ್ಕೆ ನಿಮ್ಮದಕ್ಕೂ ಕೂರುತ್ತದೆ ಅಂತಲ್ಲ. ನಿಮ್ಮ ಕಾರನ್ನೇ ಅಳೆಯಬೇಕು.

ಅಳೆಯುವುದು ಸುಲಭ. ಕಾರನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ. ಮಡ್‌ಗಾರ್ಡ್ ತುಟಿಯಿಂದ, ಹಬ್ಬಿನ ನೇರಕ್ಕೆ, ಒಂದು ದಾರಕ್ಕೆ ನಟ್ ಕಟ್ಟಿ ತೂಗುಬಿಡಿ. ದಾರದಿಂದ ರಿಮ್ಮಿನ ಅಂಚಿಗೆ ಎಷ್ಟು ಅಂತ ಎರಡೂ ಬದಿ ಬರೆದುಕೊಳ್ಳಿ. ಆಮೇಲೆ ಎರಡೂ ಬದಿಯಲ್ಲಿ ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿಗೆ ಅಳೆಯಿರಿ. 91 ಇಂಚು, ಅಂದರೆ ಸುಮಾರು 2,311 ಮಿ.ಮೀ. ಇರಬೇಕು. ಎಡ ಬಲಕ್ಕೆ ಎದ್ದು ಕಾಣುವಷ್ಟು ವ್ಯತ್ಯಾಸ ಬಂದರೆ ಟೈರ್ ಮಾತು ಅಲ್ಲಿಗೇ ಬಿಡಿ. ಆಕ್ಸಲ್ ಓರೆಯಾಗಿದೆ. ಲೀಫ್ ಸ್ಪ್ರಿಂಗಿನ ನಡುವಿನ ಬೋಲ್ಟ್ ತುಂಡಾಗಿರಬಹುದು, ಅದರ ರಬ್ಬರ್ ಪ್ಯಾಡ್ ಕೊಳೆತಿರಬಹುದು, ಇಲ್ಲವೇ ಮುಂದಿನ ಕಣ್ಣಿನ ಬುಷ್ ಸವೆದಿರಬಹುದು.

ಯಾವಾಗ ಉಜ್ಜುತ್ತದೆ ಅನ್ನುವುದು ಇನ್ನೂ ಮುಖ್ಯ. ನನ್ನ ಪ್ರಕಾರ ಇಡೀ ಹುಡುಕಾಟದಲ್ಲಿ ಅತ್ಯಂತ ಉಪಯೋಗದ ಪ್ರಶ್ನೆ ಇದೇ. ಇಲ್ಲಿನ ರೌಂಡ್‌ಅಬೌಟ್ ಸುತ್ತುವಾಗ ಕಾರು ಬಲಕ್ಕೆ ತಿರುಗುತ್ತಿರುತ್ತದೆ. ಆಗ ಬಾಡಿ ಎಡಕ್ಕೆ ವಾಲಿ ಎಡಗಡೆಯ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ತುಟಿ ಟೈರಿನ ಮೇಲಕ್ಕೆ ಇಳಿಯುತ್ತದೆ. ಆಗ ಮಾತ್ರ ಎಡ ಟೈರ್ ತಾಗಿದರೆ ಸಮಸ್ಯೆ ಎತ್ತರದ್ದು: ಸ್ಪ್ರಿಂಗ್ ಕುಗ್ಗಿದೆ, ಅಥವಾ ಕಾರು ತಗ್ಗಿಸಲು ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಇಟ್ಟ ಬ್ಲಾಕ್ ದಪ್ಪ ಜಾಸ್ತಿ.

ಎಡಕ್ಕೆ ತಿರುಗುವಾಗ ಎಡ ಟೈರ್ ತಾಗಿದರೆ ಕಥೆ ಬೇರೆ. ಆಗ ಎಡಗಡೆ ಹಗುರಾಗಿ ಮೇಲೆದ್ದಿರುತ್ತದೆ, ಎತ್ತರಕ್ಕೆ ಜಾಗ ಬೇಕಾದಷ್ಟಿದೆ. ಆದರೂ ತಾಗುತ್ತಿದೆ ಅಂದರೆ ಬಾಡಿ ಆಕ್ಸಲ್ ಮೇಲೆ ಬಲಕ್ಕೆ ಜಾರುತ್ತಿದೆ. ಎಂಜಿಬಿಯ ಹಿಂದಿನ ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿಡುವ ಬೇರೆ ಸರಳು ಇಲ್ಲ. ಆ ಕೆಲಸವನ್ನೂ ಲೀಫ್ ಸ್ಪ್ರಿಂಗ್ ಮತ್ತು ಅದರ ರಬ್ಬರ್ ಬುಷ್‌ಗಳೇ ಮಾಡಬೇಕು. ಸ್ಪ್ರಿಂಗಿನ ಹಿಂದಿನ ತುದಿಯನ್ನು ಬಾಡಿಗೆ ಜೋಡಿಸುವ ಶ್ಯಾಕಲ್ಲಿನ ರಬ್ಬರ್ ಹಳಸಿದರೆ ಆಕ್ಸಲ್ ಅಡ್ಡಡ್ಡ ಓಡಾಡುತ್ತದೆ. ಈ ಬುಷ್‌ಗಳು ಅಗ್ಗದ ಸಾಮಾನು. ಟೈರ್ ಬದಲಿಸುವ ಮೊದಲು ಇವನ್ನು ಬದಲಿಸಿ.

ನೇರ ರಸ್ತೆಯಲ್ಲಿ, ಇಬ್ಬರು ಕೂತು ಡಿಕ್ಕಿ ತುಂಬಿದಾಗ, ಉಬ್ಬು ಹಾಯುವಾಗ ಮಾತ್ರ ತಾಗಿದರೆ ಸ್ಪ್ರಿಂಗ್ ನೋಡಿ. 1974ರ ಕೊನೆಯ ನಂತರದ ರಬ್ಬರ್ ಬಂಪರ್ ಕಾರುಗಳನ್ನು ಅಮೆರಿಕದ ನಿಯಮಕ್ಕೋಸ್ಕರ ಕಾರ್ಖಾನೆಯೇ ಎತ್ತರಿಸಿತ್ತು. ಈಗ ಅವನ್ನು ತಗ್ಗಿಸುವುದು ಎಲ್ಲರೂ ಮಾಡುವ ಕೆಲಸ. ತಗ್ಗಿಸಲಿ, ತಪ್ಪಿಲ್ಲ. ಆದರೆ ತಗ್ಗಿಸಿದ ಮೇಲೆ ಚಕ್ರದ ಅಳತೆಯನ್ನು ಹೊಸದಾಗಿ ಮಾಡಬೇಕು. ಎತ್ತರದ ಕಾರಿನಲ್ಲಿ ಸರಿಹೊಂದಿದ್ದ ಚಕ್ರ ತಗ್ಗಿಸಿದ ಕಾರಿನಲ್ಲಿ ಸರಿಹೊಂದಲೇಬೇಕು ಅಂತೇನಿಲ್ಲ.

ತುಟಿಯನ್ನು ಮಡಚಿ ಒಳಕ್ಕೆ ತಟ್ಟುವುದು ಕೊನೆಯ ಉಪಾಯ. ಅದರಿಂದ ಕೆಲವು ಮಿ.ಮೀ. ಜಾಗ ಸಿಗುವುದು ನಿಜ. ಆದರೆ ಅದು ಎರಡು ತಗಡಿನ ಬೆಸುಗೆ, ಮಡಚಿದರೆ ಸಂದು ಬಾಯಿಬಿಡುತ್ತದೆ. ನೀರು, ಉಪ್ಪು ಒಳಗೆ ಹೋಗಿ ತುಕ್ಕು ಹಿಡಿಯುತ್ತದೆ. ಇಂಗ್ಲೆಂಡಿನ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ ಅಲ್ವಾ, ಅದು ಎಲ್ಲಿ ಸಂದು ಸಿಕ್ಕರೂ ಬಿಡುವುದಿಲ್ಲ. ಮಡಚಲೇಬೇಕಿದ್ದರೆ ಪೇಂಟ್ ಬಿಸಿ ಮಾಡಿ, ನಿಧಾನಕ್ಕೆ ಮಡಚಿ, ಸಂದಿಗೆ ಸೀಲರ್ ತುಂಬಿಸಿ.

ಆಫ್‌ಸೆಟ್ ಅಳೆಯಿರಿ, ಕೇಳಿ ತಿಳಿಯಬೇಡಿ

ಎಂಜಿಬಿಯ ಬೋಲ್ಟ್ ಚಕ್ರಕ್ಕೆ ನಾಲ್ಕು ಸ್ಟಡ್, ಪಿಸಿಡಿ (ಸ್ಟಡ್‌ಗಳ ನಡುವನ್ನು ಹಾಯುವ ವೃತ್ತದ ವ್ಯಾಸ) ನಾಲ್ಕೂವರೆ ಇಂಚು, ಅಂದರೆ 114.3 ಮಿ.ಮೀ. ಡಾಟ್ಸನ್‌ನಂಥ ಹಲವು ಹಳೆಯ ಜಪಾನಿ ಕಾರುಗಳದ್ದೂ ಇದೇ. ಅದಕ್ಕೇ ಆ ಕಾರುಗಳ ಸೆಕೆಂಡ್ ಹ್ಯಾಂಡ್ ಅಲಾಯ್ ತಂದು ಎಂಜಿಬಿಗೆ ಕೂರಿಸುವವರು ಇದ್ದಾರೆ. ತೂತುಗಳು ಕೂರುತ್ತವೆ. ಆಫ್‌ಸೆಟ್, ನಡುವಿನ ತೂತು, ನಟ್ಟಿನ ಆಕಾರ ಕೂರದೆ ಹೋಗಬಹುದು. ಪಿಸಿಡಿ ಸರಿಹೊಂದಿತು ಅನ್ನುವುದು ಬರೀ ಮೊದಲ ಬಾಗಿಲು.

ರಿಮ್ಮಿನ ಹಿಂಬದಿಯಲ್ಲಿ ಆಫ್‌ಸೆಟ್ ಕೆತ್ತಿರದಿದ್ದರೆ ನೀವೇ ಅಳೆಯಿರಿ. ರಿಮ್ಮನ್ನು ಮುಖ ಕೆಳಗೆ ಮಾಡಿ ಮಲಗಿಸಿ. ಹಿಂಬದಿಯ ಅಂಚುಗಳ ಮೇಲೆ ಒಂದು ನೇರ ಪಟ್ಟಿ ಅಡ್ಡಲಾಗಿ ಇಡಿ. ಪಟ್ಟಿಯಿಂದ ಹಬ್ ಕೂರುವ ಮುಖದವರೆಗೆ ಎಷ್ಟು ಆಳ ಅಂತ ನೋಡಿ. 110 ಮಿ.ಮೀ. ಬಂತು ಅಂತಿಟ್ಟುಕೊಳ್ಳಿ. ರಿಮ್ 6ಜೆ, ಅಂದರೆ ಟೈರ್ ಕೂರುವ ಅಗಲ 152. ಎರಡು ಅಂಚಿನ ದಪ್ಪ ಸೇರಿಸಿದರೆ ಸುಮಾರು 177. ಅದರ ಅರ್ಧ 88, 89. 110ರಲ್ಲಿ ಅದನ್ನು ಕಳೆದರೆ 21. ಆಫ್‌ಸೆಟ್ ಪ್ಲಸ್ 21, ಅಂದರೆ ಹಬ್ ಕೂರುವ ಮುಖ ರಿಮ್ಮಿನ ನಡುವಿಗಿಂತ 21 ಮಿ.ಮೀ. ಹೊರಗಿದೆ.

ಈ ಸಂಖ್ಯೆ ಏನು ಮಾಡುತ್ತದೆ ಅಂತ ನೋಡಲು ಎರಡು ರಿಮ್ ಹೋಲಿಸೋಣ. ಒಂದು 5ಜೆ, ಪ್ಲಸ್ 21. ಇನ್ನೊಂದು 7ಜೆ, ಪ್ಲಸ್ 10. ಎರಡನೆಯದು ಎರಡು ಇಂಚು ಅಗಲ ಜಾಸ್ತಿ, ಹಾಗಾಗಿ ಎರಡೂ ಕಡೆ ಒಂದೊಂದು ಇಂಚು ಬೆಳೆಯುತ್ತದೆ ಅಂತ ಅನ್ನಿಸುತ್ತದೆ. ನಿಜವಾಗಿ ಹೊರಕ್ಕೆ ಬರುವುದು ಸುಮಾರು 36 ಮಿ.ಮೀ., ಒಳಕ್ಕೆ ಹೋಗುವುದು ಬರೀ 14. ಅಂದರೆ ಬೆಳವಣಿಗೆಯ ಹೆಚ್ಚುಕಡಿಮೆ ಮುಕ್ಕಾಲು ಭಾಗ ಮಡ್‌ಗಾರ್ಡ್ ತುಟಿಯ ಕಡೆಗೇ. ಉಜ್ಜದೆ ಇನ್ನೇನಾದೀತು?

ಇನ್ನೊಂದು ವಿಷಯವನ್ನು ಜನ ಮರೆಯುತ್ತಾರೆ. ಸ್ಪೋಕ್ ವೀಲ್ ಕಾರುಗಳ ಹಿಂದಿನ ಆಕ್ಸಲ್ ಬೋಲ್ಟ್ ಚಕ್ರದ ಕಾರುಗಳದ್ದಕ್ಕಿಂತ ಗಿಡ್ಡ. ಸ್ಪೋಕ್ ವೀಲ್ ಕಾರಿಗೆ ಬೋಲ್ಟ್ ಆಕ್ಸಲ್ ಹಾಕಿದ್ದರೆ, ಅಥವಾ ಅಡಾಪ್ಟರ್ ಸೇರಿಸಿದ್ದರೆ, ಅದರ ವ್ಯತ್ಯಾಸವೂ ಲೆಕ್ಕಕ್ಕೆ ಬರಬೇಕು. ಹಿಂದಿನ ಮಾಲೀಕರು ಏನು ಮಾಡಿದ್ದರು ಅಂತ ಕಾಗದದಲ್ಲಿ ಇರುವುದಿಲ್ಲ, ಕೆಳಗೆ ಬಗ್ಗಿ ನೋಡಿದರೇ ಗೊತ್ತು.

ಮುಂದಿನ ಚಕ್ರ ತಾಗುವುದು ಬಹುಪಾಲು ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ. ಒಳಗಡೆ ಆಂಟಿ ರೋಲ್ ಬಾರ್ ಅಥವಾ ಟ್ರ್ಯಾಕ್ ರಾಡ್ ತುದಿ ನೋಡಿ, ಹೊರಗಡೆ ಮಡ್‌ಗಾರ್ಡಿನ ಹಿಂದಿನ ಕೆಳ ಅಂಚು ನೋಡಿ. ನಿಂತ ಕಾರಿನಲ್ಲಿ ಪರೀಕ್ಷೆ ಮಾಡಿ ಸುಮ್ನಾಗಬೇಡಿ. ಚಕ್ರ ಮೇಲೆ ಹೋದಾಗ ಜಾಗ ಬದಲಾಗುತ್ತದೆ.

ನಿಧಾನಕ್ಕೆ ಹೋಗುವಾಗ 'ಟಿಕ್ ಟಿಕ್' ಅಂತ ಚಕ್ರದ ಸುತ್ತಿಗೆ ಸರಿಯಾಗಿ ಸದ್ದು ಬಂದರೆ ಅದು ಉಜ್ಜಾಟ ಅಲ್ಲ. ಜಿಟಿ ವಿ8ರ ದಪ್ಪ ಬ್ರೇಕ್ ಕ್ಯಾಲಿಪರ್, ಅಥವಾ ನಾಲ್ಕು ಪಿಸ್ಟನ್ ಕ್ಯಾಲಿಪರ್ ಹಾಕಿದ ಕಾರುಗಳಲ್ಲಿ ರಿಮ್ಮಿನ ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕ ಕ್ಯಾಲಿಪರಿಗೆ ತಾಗಿ ಹೀಗಾಗುತ್ತದೆ. ತೂಕದ ಮೇಲೆ ಗೀರು ಇರುತ್ತದೆ ನೋಡಿ. ಜಾಗ ಬದಲಿಸಿ ಅಂಟಿಸಿದರೆ ಆಯಿತು.

60 ಮೈಲಿಯಲ್ಲಿ ನಡುಕ

ಗಂಟೆಗೆ 55, 60 ಮೈಲಿ ಮುಟ್ಟಿದಾಗ ಸ್ಟೇರಿಂಗ್ ಕೈಯಲ್ಲಿ ನಡುಗುತ್ತದೆ, ದಾಟಿದರೆ ಕಡಿಮೆಯಾಗುತ್ತದೆ. ಇದು ಮುಂದಿನ ಚಕ್ರದ ಲಕ್ಷಣ. ಸೀಟು, ನೆಲ ನಡುಗಿದರೆ ಹಿಂದಿನದು. ನಡುಕ ಝುಂ ಅಂತ ಸಣ್ಣಗೆ, ವೇಗವಾಗಿ ಇದ್ದರೆ ಚಕ್ರವನ್ನೇ ಬಿಡಿ, ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ನೋಡಿ. ಕಾರಣ ಇದು: 60 ಮೈಲಿಯಲ್ಲಿ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ಹಾಕುತ್ತದೆ. ಡಿಫರೆನ್ಷಿಯಲ್ ಅನುಪಾತ 3.909. ಆದ್ದರಿಂದ ಶಾಫ್ಟ್ ಅದೇ ಹೊತ್ತಿಗೆ ಸುಮಾರು 55 ಸುತ್ತು ಹಾಕುತ್ತದೆ. ಒಂದನ್ನು ಕೈ ಎಣಿಸುವಂತೆ ಅನುಭವಿಸುತ್ತದೆ, ಇನ್ನೊಂದನ್ನು ಕಿವಿ ಕೇಳುತ್ತದೆ.

ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ ನೋಡಿ. ನಾಲ್ಕೂ ಒಂದೇ ಸೈಜ್ ಇದ್ದರೆ ಖರ್ಚಿಲ್ಲದ ಪರೀಕ್ಷೆ. ನಡುಕ ಚಕ್ರದ ಜೊತೆ ಹೋದರೆ ಚಕ್ರದ್ದು. ಅಲ್ಲೇ ಉಳಿದರೆ ಬೇರಿಂಗ್, ಕಿಂಗ್‌ಪಿನ್, ಹಬ್.

ಚಕ್ರದ್ದೇ ಅಂತ ಗೊತ್ತಾದ ಮೇಲೆ ಬ್ಯಾಲೆನ್ಸಿಂಗಿಗೆ ಓಡುವ ಮೊದಲು ನಟ್ ನೋಡಿ. ಹೊಸ ಅಲಾಯ್ ಹಾಕಿದ ಕಾರಿನಲ್ಲಿ ಈ ದೋಷ ಸುಲಭವಾಗಿ ಕಣ್ಣು ತಪ್ಪಿಸುತ್ತದೆ. ಸ್ಟೀಲ್ ರಿಮ್ಮಿನ ನಟ್ಟಿನ ತುದಿ ಕೋನದ ಹಾಗೆ ಇಳಿಜಾರಾಗಿರುತ್ತದೆ, ಆ ಇಳಿಜಾರೇ ಚಕ್ರವನ್ನು ನಡುವಿಗೆ ತರುತ್ತದೆ. ಕೆಲವು ಅಲಾಯ್‌ಗಳಿಗೆ ಉದ್ದ ಕೊಳವೆಯಿರುವ, ಚಪ್ಪಟೆ ವಾಷರ್ ಇರುವ ನಟ್ ಬೇಕು. ಅಲ್ಲಿ ಕೊಳವೆಯ ದಪ್ಪ ತೂತಿಗೆ ಸರಿಯಾಗಿ ಕೂತರೆ ಚಕ್ರ ನಡುವಿಗೆ ಬರುತ್ತದೆ. ಒಂದರ ನಟ್ ಇನ್ನೊಂದಕ್ಕೆ ಹಾಕಿದರೆ ಬಿಗಿಯಾಗುತ್ತದೆ, ಆದರೆ ಚಕ್ರ ಕೂದಲೆಳೆಯಷ್ಟು ಓರೆಯಲ್ಲಿ ಕೂತಿರುತ್ತದೆ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಸೊನ್ನೆ ತೋರಿಸುತ್ತದೆ, ರಸ್ತೆಯಲ್ಲಿ ನಡುಗುತ್ತದೆ. ನಟ್ ಬಿಚ್ಚಿ ಕೂರುವ ಮುಖ ನೋಡಿ. ಸುತ್ತಲೂ ಸಮನಾಗಿ ಹೊಳಪಿದ್ದರೆ ಸರಿ. ಒಂದೇ ಬದಿಯಲ್ಲಿ ಅರ್ಧಚಂದ್ರದ ಹಾಗೆ ಗುರುತಿದ್ದರೆ ನಟ್ ತಪ್ಪು.

ಸ್ಟಡ್ ಅರ್ಧ ಇಂಚಿನದು, ಇಂಚಿಗೆ 20 ಎಳೆ. ಅಲಾಯ್ ಮುಖ ದಪ್ಪ ಇರುತ್ತದೆ, ಮೇಲೆ ಸ್ಪೇಸರ್ ಹಾಕಿದರೆ ಸ್ಟಡ್ ಸಾಲುವುದಿಲ್ಲ. ಸ್ಟಡ್ಡಿನ ದಪ್ಪದಷ್ಟಾದರೂ ಎಳೆ ಹಿಡಿಯಬೇಕು, ಅಂದರೆ ನಟ್ ಕನಿಷ್ಠ 10 ಸುತ್ತು ತಿರುಗಬೇಕು. ಎಣಿಸಿ ನೋಡಿ. ಕಡಿಮೆ ಬಂದರೆ ಆ ಚಕ್ರದಲ್ಲಿ ಕಾರು ಓಡಿಸಬೇಡಿ. ಉದ್ದ ಸ್ಟಡ್ ಹಾಕಿಸಿ ಅಥವಾ ಸ್ಪೇಸರ್ ತೆಗೆಯಿರಿ. ಈ ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ.

ಟೈರಿನ ವಯಸ್ಸೂ ನೋಡಿ. ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ: 2319 ಅಂದರೆ 2019ರ 23ನೇ ವಾರ. ಇಂಥ ಕಾರುಗಳು ವರ್ಷಕ್ಕೆ ಕೆಲವೇ ಮೈಲಿ ಓಡುತ್ತವೆ, ಟೈರ್ ಸವೆಯುವ ಮೊದಲೇ ಗಟ್ಟಿಯಾಗುತ್ತದೆ. ಚಳಿಗಾಲವಿಡೀ ಒಂದೇ ಕಡೆ ನಿಂತ ಟೈರಿನಲ್ಲಿ ಚಪ್ಪಟೆ ಜಾಗ ಆಗಿ ಮೊದಲ ಕೆಲವು ಮೈಲಿ ನಡುಗುವುದುಂಟು. ಬಿಸಿಯಾದ ಮೇಲೂ ಹೋಗದಿದ್ದರೆ ಟೈರ್ ಮುಗಿಯಿತು.

ಸ್ಪೋಕ್ ವೀಲ್ ಇದ್ದರೆ

ಇದು ಬೇರೆಯದೇ ಲೋಕ. ಇಲ್ಲಿ ನಾಲ್ಕು ಸ್ಟಡ್ ಇಲ್ಲ. ಹಬ್ಬಿನ ಮೇಲೆ ಹಲ್ಲುಗಳಿವೆ, ಚಕ್ರದೊಳಗೂ ಹಲ್ಲುಗಳಿವೆ, ನಡುವೆ ಒಂದೇ ದೊಡ್ಡ ನಟ್.

ಗೇರ್ ಹಾಕಿ ಹೊರಡುವಾಗ 'ಟಕ್', ರಿವರ್ಸಿಗೆ ಹಾಕಿದಾಗ ಮತ್ತೆ 'ಟಕ್' ಅಂದರೆ ಹಲ್ಲು ಸವೆದಿರಬಹುದು. ಯೂನಿವರ್ಸಲ್ ಜಾಯಿಂಟ್ ಕೂಡ ಇದೇ ಸದ್ದು ಮಾಡುತ್ತದೆ, ಅದನ್ನೂ ನೋಡಿ. ಚಕ್ರ ಬಿಚ್ಚಿ ಹಬ್ಬಿನ ಗ್ರೀಸ್ ಒರೆಸಿ, ಹಲ್ಲುಗಳನ್ನು ಪಕ್ಕದಿಂದ ನೋಡಿ. ಒಳ್ಳೆಯ ಹಲ್ಲಿನ ತಲೆ ಚಪ್ಪಟೆಯಾಗಿರುತ್ತದೆ, ಎರಡೂ ಇಳಿಜಾರು ಸಮ. ಸವೆದದ್ದು ಚೂಪಾಗಿ, ಒಂದು ಕಡೆಗೆ ಬಾಗಿ ನಿಂತಿರುತ್ತದೆ. ಬೆರಳು ಓಡಿಸಿದರೆ ಒಂದು ದಿಕ್ಕಿನಲ್ಲಿ ಚುಚ್ಚುತ್ತದೆ. ಹಾಗಾಗಿದ್ದರೆ ಹಬ್ ಮತ್ತು ಚಕ್ರ ಎರಡನ್ನೂ ಬದಲಿಸಬೇಕು. ಹಳೆಯ ಹಬ್ಬಿಗೆ ಹೊಸ ಚಕ್ರ ಹಾಕಿದರೆ ಹಳೆಯದು ಹೊಸದನ್ನು ಬೇಗ ತಿಂದುಹಾಕುತ್ತದೆ. ಎಂಜಿನ್ ಬಲ ಜಾಸ್ತಿ ಮಾಡಿ ಅಗಲ ಟೈರ್ ಹಾಕಿದ ಕಾರಿನಲ್ಲಿ ಈ ಹಲ್ಲುಗಳ ಮೇಲೆ ಭಾರ ಜಾಸ್ತಿ. ಅಂಥ ಕಾರಿಗೆ ನಾನಾದರೆ ಬೋಲ್ಟ್ ಚಕ್ರವನ್ನೇ ಆರಿಸುತ್ತೇನೆ. ಸ್ಪೋಕ್ ವೀಲಿನ ಅಂದ ನನಗೂ ಇಷ್ಟ, ಆದರೂ.

ಕಡ್ಡಿಗಳನ್ನು ಒಂದೊಂದಾಗಿ ಸಣ್ಣ ಸ್ಪ್ಯಾನರಿನಿಂದ ತಟ್ಟಿ. ಬಿಗಿ ಇರುವುದು 'ಟಿಂಗ್' ಅನ್ನುತ್ತದೆ, ಸಡಿಲವಾದದ್ದು 'ಟಪ್' ಅನ್ನುತ್ತದೆ. ಒಂದೇ ಕಡೆ ಮೂರು ನಾಲ್ಕು ಸಡಿಲ ಸಿಕ್ಕರೆ ಬ್ಯಾಲೆನ್ಸಿಂಗ್ ಮಾಡಿಸಿ ಪ್ರಯೋಜನ ಇಲ್ಲ, ಕಡ್ಡಿ ಎಳೆದು ನೇರ ಮಾಡುವವರ ಹತ್ತಿರ ಕೊಡಿ. ಬ್ಯಾಲೆನ್ಸಿಂಗ್ ಮಾಡಿಸುವಾಗಲೂ ಯಂತ್ರಕ್ಕೆ ಈ ಚಕ್ರದ ಇಳಿಜಾರಿಗೆ ಹೊಂದುವ ಅಡಾಪ್ಟರ್ ಇದೆಯಾ ಕೇಳಿ. ಸಾಮಾನ್ಯ ಕೋನ್ ಮೇಲೆ ಕೂರಿಸಿದರೆ ಅಳತೆಯೇ ತಪ್ಪು.

ಹಳೆಯ ಬಗೆಯ 60 ಕಡ್ಡಿ ಚಕ್ರಕ್ಕೆ ಟ್ಯೂಬ್ ಬೇಕೇ ಬೇಕು, ಕಡ್ಡಿಯ ತೂತುಗಳಿಂದ ಗಾಳಿ ಸೋರುತ್ತದೆ. ಪದೇ ಪದೇ ಕಾರಣವಿಲ್ಲದೆ ಪಂಕ್ಚರ್ ಆಗುತ್ತಿದ್ದರೆ ಟೈರಿನ ಒಳಗೆ ಕೈ ಹಾಕಿ ಸವರಿ. ಈಗಿನ ಟ್ಯೂಬ್‌ಲೆಸ್ ಟೈರುಗಳ ಒಳಗೆ ಕಾಗದದ ಲೇಬಲ್, ಉಬ್ಬು ಗೆರೆಗಳಿರುತ್ತವೆ. ಅವು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡುತ್ತವೆ. ತೂತು ಹೊರಗಿನ ಮೊಳೆಗೆ ಸಂಬಂಧವಿಲ್ಲದ ಜಾಗದಲ್ಲಿ, ಸುತ್ತ ಸವೆದಂತೆ ಇದ್ದರೆ ಇದೇ ಕಾರಣ. ಪಕ್ಕೆ ಗಿಡ್ಡ ಇರುವ 60, 55 ಪ್ರೊಫೈಲ್ ಟೈರಿಗೆ ಟ್ಯೂಬ್ ಹಾಕುವ ಯೋಚನೆ ಬೇಡ.

ನಾಲ್ಕೂವರೆ ಜೆ ರಿಮ್ಮಿಗೆ 165/80 ಒಪ್ಪುತ್ತದೆ. 185/70 ಅದರ ಮೇಲೆ ಕೂರಬಹುದು, ಆದರೆ ಅದು ಆ ಟೈರಿಗೆ ಅತಿ ಕಿರಿದಾದ ರಿಮ್. ಪಕ್ಕೆ ಉಬ್ಬಿಕೊಂಡು, ತಿರುವಿನಲ್ಲಿ ಕಾರು ಮೊದಲು ಅಲುಗಾಡಿ ಆಮೇಲೆ ತಿರುಗಿದಂತೆ ಅನ್ನಿಸುತ್ತದೆ. ಅಗಲ ಟೈರ್ ಹಾಕಿದ ಮೇಲೆ ಹಿಡಿತ ಕಡಿಮೆಯಾಯಿತು ಅನ್ನುವವರ ಕಾರಿನಲ್ಲಿ ಮೊದಲು ರಿಮ್ಮಿನ ಅಗಲ ನೋಡಿ.

ಸ್ಟೇರಿಂಗ್ ಬಿಗಿ

ಈ ಕಾರಿಗೆ ಪವರ್ ಸ್ಟೇರಿಂಗ್ ಇಲ್ಲ. ಮುಂದಿನ ಚಕ್ರದ ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) 7 ಡಿಗ್ರಿ, ಕಿರಿದಾದ ಟೈರಿಗೆ ಹೊಂದುವಂತೆ ಇಟ್ಟದ್ದು. ಅಗಲ ಟೈರ್ ಹಾಕಿದರೆ ನಿಂತಲ್ಲಿ ತಿರುಗಿಸುವುದು ಬಿಗಿಯಾಗುವುದು ಸಹಜ. ಚಕ್ರ ಹೊರಕ್ಕೆ ಬಂದಷ್ಟೂ ಕಿಂಗ್‌ಪಿನ್ನಿನಿಂದ ಟೈರಿನ ನಡುಗೆರೆ ದೂರವಾಗುತ್ತದೆ, ಆಗ ಓಡುವಾಗಲೂ ಪ್ರತಿ ಗುಂಡಿ ಕೈಗೆ ಬಡಿಯುತ್ತದೆ, ಬ್ರೇಕ್ ಹಾಕಿದರೆ ಕಾರು ಅತ್ತಿತ್ತ ಎಳೆಯುತ್ತದೆ. ನಿಂತಾಗ ಮಾತ್ರ ಬಿಗಿ ಅಂದರೆ ಅಗಲದ ಪರಿಣಾಮ. ಓಡುವಾಗಲೂ ಎಳೆದಾಟ ಅಂದರೆ ಆಫ್‌ಸೆಟ್ ಪರಿಣಾಮ.

ಆದರೆ ಮೊದಲು ಗಾಳಿ ನೋಡಿ. ಕೈಪಿಡಿಯಲ್ಲಿ 155 ರೇಡಿಯಲ್‌ಗೆ ಮುಂದೆ 21, ಹಿಂದೆ 24 ಪೌಂಡ್ ಅಂತಿದೆ. ಅಗಲ ಟೈರಿಗೂ ಅಷ್ಟೇ ಗಾಳಿ ಬಿಟ್ಟರೆ ಬಿಗಿ ಆಗದೆ ಇರುತ್ತದೆಯೇ? ಎರಡೆರಡು ಪೌಂಡ್ ಏರಿಸುತ್ತಾ ಹೋಗಿ, ಹಿಂದೆ ಮುಂದಿನ ವ್ಯತ್ಯಾಸ ಹಾಗೇ ಉಳಿಸಿ. ಆಮೇಲೆ ಗ್ರೀಸ್. ಕಿಂಗ್‌ಪಿನ್ ನಿಪ್ಪಲ್‌ಗಳಿಗೆ ಗ್ರೀಸ್ ಹಾಕುವಾಗ ಚಕ್ರ ನೆಲದಿಂದ ಮೇಲಿರಲಿ. ಭಾರ ಬಿದ್ದಿದ್ದರೆ ಗ್ರೀಸ್ ಎಲ್ಲ ಕಡೆ ಹೋಗುವುದಿಲ್ಲ. ಎರಡೂ ಚಕ್ರ ಮೇಲಿದ್ದಾಗ ಬೆರಳಲ್ಲಿ ತಿರುಗಿಸಿ ನೋಡಿ, ಆಗಲೂ ಬಿಗಿ ಇದ್ದರೆ ಟೈರಿನ ತಪ್ಪಿಲ್ಲ. ಟೋ ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) 1.6 ರಿಂದ 2.4 ಮಿ.ಮೀ. ಒಳಗೆ ಇದೆಯೇ ಅಂತ ಅಲೈನ್‌ಮೆಂಟ್ ಅಂಗಡಿಯಲ್ಲಿ ನೋಡಿಸಿ. ಇಷ್ಟಾದ ಮೇಲೂ ಕಷ್ಟವಾದರೆ ಮುಂದಿನ ಕ್ರಾಸ್ ಮೆಂಬರ್ (ಸಸ್ಪೆನ್ಷನ್ ಹೊತ್ತ ಅಡ್ಡತೊಲೆ) ಮತ್ತು ಚಾಸಿ ನಡುವೆ ಬೆಣೆ ಇಟ್ಟು ಕ್ಯಾಸ್ಟರ್ ಕಡಿಮೆ ಮಾಡುವ ಕಿಟ್ ಸಿಗುತ್ತದೆ.

ಮೀಟರ್ ಸುಳ್ಳು, ಎಂಜಿನ್ ಕೂಗಾಟ

185/60 ಆರ್ 14ರ ಕಥೆ ಇದು. 620ರ ಜಾಗದಲ್ಲಿ 578 ಮಿ.ಮೀ. ಹಾಕಿದರೆ ಶೇಕಡಾ 7ರಷ್ಟು ಕಡಿಮೆ. ಸ್ಪೀಡೋಮೀಟರ್ 60 ತೋರಿಸುವಾಗ ಕಾರು ಓಡುತ್ತಿರುವುದು ಸುಮಾರು 56ರಲ್ಲಿ. ನಿಜವಾದ 60ರಲ್ಲಿ ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 250 ಸುತ್ತು ಜಾಸ್ತಿ ತಿರುಗುತ್ತದೆ. ಓವರ್‌ಡ್ರೈವ್ (ಎಂಜಿನ್ ಸುತ್ತು ತಗ್ಗಿಸುವ ಹೆಚ್ಚುವರಿ ಗೇರ್) ಇಲ್ಲದ ಕಾರಿನಲ್ಲಿ ಮೋಟರ್‌ವೇ ಪ್ರಯಾಣ ಸಾಕುಸಾಕಾಗುತ್ತದೆ. ಕಾರು 21 ಮಿ.ಮೀ. ಕೆಳಗೆ ಇಳಿಯುತ್ತದೆ, ಮೊದಲೇ ತಗ್ಗಿನಲ್ಲಿರುವ ಸೈಲೆನ್ಸರ್ ಉಬ್ಬುಗಳಿಗೆ ಬಡಿಯುತ್ತದೆ. ಎಂಜಿನ್ ಕೂಗುತ್ತದೆ ಅಂತ ಗೇರ್‌ಬಾಕ್ಸ್ ಬಿಚ್ಚುವ ಮೊದಲು ಟೈರಿನ ಪಕ್ಕೆ ಓದಿ.

ಹಾಗಾದರೆ ಯಾವುದು ಹಾಕೋದು?

ಬೋಲ್ಟ್ ಚಕ್ರದ ಕಾರು, ಸ್ವಲ್ಪ ತಗ್ಗಿಸಿದ್ದು, ಎಂಜಿನ್ ಸ್ವಲ್ಪ ಚುರುಕು ಮಾಡಿದ್ದು ಅಂದರೆ ನನ್ನ ಆಯ್ಕೆ 15 ಇಂಚು, ಐದೂವರೆ ಅಥವಾ 6ಜೆ, 185/65 ಆರ್ 15. ಎತ್ತರ ಮೂಲದಷ್ಟೇ, ಸಾಮಾನ್ಯ ಕಾರುಗಳದ್ದೇ ಸೈಜ್, ಒಳ್ಳೆಯ ಕಂಪನಿಗಳ ಟೈರ್ ಸುಲಭವಾಗಿ ಸಿಗುತ್ತದೆ. 14 ಇಂಚಿನಲ್ಲೇ ಇರಬೇಕು ಅಂದರೆ ಐದೂವರೆ ಜೆ ಮೇಲೆ 185/70. ಎಂಜಿನ್ ಜೋರಾಗಿದ್ದರೆ, ಹಿಂದಿನ ಎಡಗಡೆ ಅಳತೆ ಒಪ್ಪಿದರೆ, 6ಜೆ ಮೇಲೆ 195/60 ಆರ್ 15. ಅದಕ್ಕಿಂತ ಅಗಲ ಬೇಕಾದರೆ ಮಡ್‌ಗಾರ್ಡ್ ಕೆಲಸ ಮಾಡಿಸುವ ಮನಸ್ಸಿರಬೇಕು. ಸ್ಪೋಕ್ ವೀಲಿಗೆ 165/80 ಸಾಕು, ಚೆನ್ನಾಗಿಯೂ ಓಡುತ್ತದೆ.

ಟೈರಿನ ವೇಗದ ಅಕ್ಷರ ಮೂಲದ ಎಸ್‌ಗಿಂತ ಕಡಿಮೆ ಬೇಡ. ಎಸ್ ಅಂದರೆ 180 ಕಿ.ಮೀ., ಟಿ 190, ಎಚ್ 210. ಕೊಳ್ಳುವ ಮೊದಲು ಒಂದೇ ಒಂದು ಚಕ್ರ ಎರವಲು ತಂದು ಹಿಂದಿನ ಎಡಗಡೆ ಹಾಕಿ ನೋಡುವುದಾದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ.

ಇಲ್ಲಿ 2018ರಿಂದ 40 ವರ್ಷ ದಾಟಿದ, ದೊಡ್ಡ ಮಾರ್ಪಾಡು ಆಗಿರದ ಕಾರಿಗೆ ಎಂಒಟಿ ಅನ್ನುವ ವರ್ಷವರ್ಷದ ಸುರಕ್ಷತಾ ಪರೀಕ್ಷೆ ಕಡ್ಡಾಯವಲ್ಲ. ಅಂದರೆ ಉಜ್ಜುವ ಟೈರನ್ನು ಹಿಡಿದು ತೋರಿಸಲು ಇನ್ನೊಂದು ಕಣ್ಣು ಇಲ್ಲದಿರಬಹುದು. ಕಡ್ಡಾಯ ಇಲ್ಲದಿದ್ದರೂ ಚಕ್ರ ಬದಲಿಸಿದ ವರ್ಷ ಒಮ್ಮೆ ಮಾಡಿಸಿ. ವಿಮಾ ಕಂಪನಿಗೆ ಹೊಸ ಸೈಜ್ ಬರೆದು ತಿಳಿಸಿ.

ಚಕ್ರ ಹಾಕುವಾಗ ಸ್ಟೀಲ್ ರಿಮ್ಮಿನ ನಟ್ 60 ರಿಂದ 65 ಪೌಂಡ್-ಅಡಿ ಬಿಗಿ ಮಾಡಿ, ಅಲಾಯ್ ಆದರೆ ಅದನ್ನು ಮಾಡಿದವರು ಹೇಳಿದಷ್ಟು. 50 ಮೈಲಿ ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್ ಹಿಡಿಯಿರಿ. ಸ್ಪೋಕ್ ವೀಲಿನ ನಡು ನಟ್ಟಿಗೆ ಇನ್ನೊಂದು ಪರೀಕ್ಷೆ ಇದೆ. ಕಾರು ಮುಂದೆ ಹೋಗುವಾಗ ಚಕ್ರ ಯಾವ ಕಡೆ ತಿರುಗುತ್ತದೋ ಅದೇ ಕಡೆ ತಿರುಗಿಸಿದರೆ ನಟ್ ಬಿಚ್ಚಬೇಕು. ಎಡಗಡೆ ಗಡಿಯಾರಕ್ಕೆ ವಿರುದ್ಧ, ಬಲಗಡೆ ಗಡಿಯಾರದ ದಿಕ್ಕು. ಯಾರೋ ಹಬ್‌ಗಳನ್ನು ಅದಲುಬದಲು ಮಾಡಿದ್ದರೆ ಇದು ಉಲ್ಟಾ ಇರುತ್ತದೆ, ಓಡುತ್ತಾ ಓಡುತ್ತಾ ನಟ್ ತಾನೇ ಬಿಚ್ಚಿಕೊಳ್ಳುತ್ತದೆ. ಉಲ್ಟಾ ಕಂಡರೆ ಆ ಕಾರು ಗ್ಯಾರೇಜಿನಿಂದ ಹೊರಡಬಾರದು.